ಕೂರದ ಕೇಪು

ಶಿಕಾರಿಪುರವೆಂಬ ಹೆಸರಿನಲ್ಲಿಯೇ ಶಿಕಾರಿಯಿದೆ. ಆದರೂ ಆ ಸೀಮೆಯಲ್ಲಾಗಲಿ, ನೆರೆಯ ಸೊರಬದಲ್ಲಾಗಲಿ, ಇರುಳಿನಲ್ಲಿ ಕೋವಿ ಹಿಡಿದು ಕುಳಿತ ರೈತನು ಬೇಟೆಗಾರನಲ್ಲ, ಕಾವಲುಗಾರ. ಗೋವಿನಜೋಳ ಹಾಲುಗಟ್ಟುವಾಗ, ಬತ್ತದ ತೆನೆ ಬಾಗುವಾಗ, ಕಾಡಂಚಿನ ಹೊಲಗದ್ದೆಗಳಿಗೆ ಹಂದಿಯ ಹಿಂಡು ಇಳಿಯುತ್ತದೆ. ತಿಂದದ್ದಕ್ಕಿಂತ ತುಳಿದದ್ದು ಹೆಚ್ಚು. ನಾಲ್ಕು ತಿಂಗಳ ದುಡಿತವು ಒಂದೇ ಜಾವದಲ್ಲಿ ಮಣ್ಣುಗೂಡುವುದನ್ನು ಕಂಡವನಿಗೆ ಮಾಳದ ಮೇಲೆ ನಿದ್ದೆಯಾದರೂ ಹೇಗೆ ಬಂದೀತು?

ಅವನ ಕೈಯಲ್ಲಿರುವುದು ಬಹುಮಟ್ಟಿಗೆ ಕೇಪಿನ ಕೋವಿ. ನಳಿಗೆಯ ಬಾಯಿಯಿಂದಲೇ ಮದ್ದನ್ನೂ ಚರೆಯನ್ನೂ ತುಂಬಿ ಗಜದಿಂದ ಜಡಿಯುವ ಹಳೆಯ ಜಾತಿ. ೧೯೫೯ರ ಆಯುಧ ಕಾಯ್ದೆಯು ಬೆಳೆಯ ರಕ್ಷಣೆಗೆಂದು ಇದನ್ನೇ ಹೆಸರಿಸಿ ಹೇಳಿದೆ. ಇದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ಕೋವಿಗೆ ಪರವಾನಗಿ ದೊರೆತೀತು. ಹಾಗೆಂದು ಪರವಾನಗಿಯ ಕಾಗದವು ಕಾಡುಪ್ರಾಣಿಯನ್ನು ಕೊಲ್ಲುವ ಅಪ್ಪಣೆಯಲ್ಲ; ಅದಕ್ಕೆ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡ್ಡಿಯಿದೆ. ಆದ್ದರಿಂದ ಕೋವಿಯಿಂದ ಆಗಬೇಕಾದ ಕೆಲಸ ಒಂದೇ: ಸದ್ದು. ಹಿಂಡು ಬೆದರಿ ಕಾಡಿಗೆ ಮರಳಿದರೆ ಸಾಕು.

ಆ ಸದ್ದೇ ಹೊರಡದಿದ್ದರೆ? ಗದ್ದೆಯ ಮೂಲೆಯಲ್ಲಿ ಬುಸುಗುಟ್ಟುವಿಕೆ ಕೇಳಿಸುತ್ತದೆ. ರೈತನು ಕುದುರೆಯನ್ನು ಹಿಂದಕ್ಕೆಳೆದು ಟ್ರಿಗರ್ ಒತ್ತುತ್ತಾನೆ. ‘ಟಕ್’ ಎಂಬ ಸಪ್ಪೆ ಸದ್ದು, ಅಷ್ಟೆ. ಮತ್ತೊಮ್ಮೆ ಎಳೆದು ಬಿಟ್ಟರೆ ಅದೇ ಕೇಪು, ಅದೇ ಮದ್ದು, ‘ಢಂ’ ಎನ್ನುತ್ತದೆ. ಮಳೆಗಾಲದ ತಂಡಿಯೆಂದೋ, ಅಂಗಡಿಯವನು ಹಳೆಯ ಸರಕು ಕೊಟ್ಟನೆಂದೋ ಬೈಗುಳ ಹೊರಡುವುದು ವಾಡಿಕೆ. ತಂಡಿ ಹಿಡಿದ ಕೇಪಾಗಿದ್ದರೆ ಎರಡನೆಯ ಏಟಿಗೂ ಅದು ಬಾಯಿ ಬಿಡುತ್ತಿರಲಿಲ್ಲ. ಮೊದಲ ಏಟಿಗೆ ಸುಮ್ಮನಿದ್ದು ಎರಡನೆಯದಕ್ಕೆ ಹಾರುವ ಕೇಪಿನಲ್ಲಿ ದೋಷವಿರುವುದು ಅಪರೂಪ. ಅದು ಸರಿಯಾಗಿ ಕೂತಿರಲಿಲ್ಲ.

ಕೇಪು ಎಂಬುದು ಗುಲಗಂಜಿಯಂಥ ತಾಮ್ರದ ಟೋಪಿ. ಅದರ ತಳದೊಳಗೆ ಏಟಿಗೆ ಸಿಡಿಯುವ ಮದ್ದಿನ ತೆಳುವಾದ ಲೇಪ. ಕೋವಿಯ ಹಿಂಭಾಗದಲ್ಲಿರುವ ತೂತುಳ್ಳ ಉಕ್ಕಿನ ತೊಟ್ಟಿಗೆ ಇದನ್ನು ಹೊದಿಸಬೇಕು. ಕುದುರೆ ಬಡಿದಾಗ ಲೇಪವು ಕುದುರೆಗೂ ತೊಟ್ಟಿನ ತುದಿಗೂ ನಡುವೆ ಸಿಕ್ಕಿ ಜಜ್ಜಿಹೋಗಬೇಕು; ಆಗ ಕಿಡಿ ತೂತಿನೊಳಗಿಳಿದು ನಳಿಗೆಯ ಮದ್ದನ್ನು ಮುಟ್ಟುತ್ತದೆ. ಟೋಪಿಯು ತೊಟ್ಟಿನ ಮೇಲೆ ಅರ್ಧಕ್ಕೇ ನಿಂತಿದ್ದರೆ ಮೊದಲ ಏಟಿನ ಬಲವೆಲ್ಲ ಅದನ್ನು ಕೆಳಕ್ಕೆ ತಳ್ಳುವುದರಲ್ಲೇ ಮುಗಿಯುತ್ತದೆ.

ಈ ಏರ್ಪಾಟಿನ ಮೂಲದಲ್ಲಿರುವವನು ಸ್ಕಾಟ್ಲೆಂಡಿನ ಬೆಲ್‌ಹೆಲ್ವಿಯ ಪಾದ್ರಿ ಅಲೆಕ್ಸಾಂಡರ್ ಫಾರ್ಸೈತ್ ಎಂಬುದು ತಮಾಷೆಯ ಸಂಗತಿ. ಚಕಮಕಿ ಕಲ್ಲಿನ ಕೋವಿಯ ಮಿಂಚನ್ನು ಕಂಡೊಡನೆ ಹಕ್ಕಿಗಳು ತಪ್ಪಿಸಿಕೊಳ್ಳುತ್ತಿದ್ದುದರಿಂದ ರೋಸಿದ ಆತ, ಏಟಿಗೆ ಹೊತ್ತುವ ಮದ್ದನ್ನು ಕೋವಿಗೆ ಅಳವಡಿಸಿ ೧೮೦೭ರಲ್ಲಿ ಹಕ್ಕುಪತ್ರ ಪಡೆದ. ತಾಮ್ರದ ಟೋಪಿ ಬಂದದ್ದು ಅದರ ತರುವಾಯ.

ಕೇಪು ಕೂರದಿರಲು ಕಾರಣಗಳು ಹಲವು. ತೊಟ್ಟಿನ ಅಳತೆಗೂ ಕೇಪಿನ ಅಳತೆಗೂ ಹೊಂದಾಣಿಕೆ ಇಲ್ಲದಿರಬಹುದು. ಬಿಗಿಯಾದರೆ ಇಳಿಯದು, ಸಡಿಲವಾದರೆ ಬಿದ್ದುಹೋಗುವುದು, ಅದನ್ನು ಹಿಸುಕಿ ಚಪ್ಪಟೆ ಮಾಡಿ ಸಿಕ್ಕಿಸುವವರೂ ಇದ್ದಾರೆ. ಖಾಲಿ ಕೋವಿಯ ಕುದುರೆಯನ್ನು ಹುಡುಗರು ಆಟಕ್ಕೆ ಬಡಿಸಿ ಬಡಿಸಿ ತೊಟ್ಟಿನ ತುದಿ ಅಣಬೆಯಂತೆ ಹರಡಿರುವುದು ಎಲ್ಲಕ್ಕಿಂತ ಸಾಮಾನ್ಯ. ಇನ್ನು ತುಕ್ಕು. ಚುನಾವಣೆ ಬಂತೆಂದರೆ ಕೋವಿಯನ್ನು ಠಾಣೆಗೆ ಒಪ್ಪಿಸಬೇಕಾಗಿ ಬರುವುದುಂಟು. ವಾರಗಟ್ಟಲೆ ಒರಸುವವರಿಲ್ಲದೆ ಮೂಲೆಯಲ್ಲಿದ್ದು ಮರಳಿದ ಕೋವಿಯಲ್ಲಿ ಮೊದಲು ನೋಡಬೇಕಾದದ್ದು ತೊಟ್ಟನ್ನೇ. ಕರಿಮದ್ದಿನ ಮಸಿಯು ನೀರನ್ನು ಹೀರುವ ಗುಣದ್ದು. ಅದನ್ನು ಬಿಸಿನೀರಿನಿಂದ ತೊಳೆದು, ಒಣಗಿಸಿ, ಎಣ್ಣೆ ಸವರುವುದು ಸರಿ. ಆದರೆ ಅದೇ ಎಣ್ಣೆ ತೂತಿನಲ್ಲಿ ನಿಂತರೆ ಕೇಪು ಹಾರಿದರೂ ಕಿಡಿ ಒಳಗಿಳಿಯದು. ಬಲ್ಲವರು ತುಂಬುವ ಮುನ್ನ, ನಳಿಗೆ ಬರಿದಾಗಿದೆಯೆಂದು ಖಚಿತಪಡಿಸಿಕೊಂಡು, ಅದರ ಬಾಯಿಯನ್ನು ನೆಲದ ಹುಲ್ಲಿಗೆ ಹಿಡಿದು ಬರಿಯ ಕೇಪೊಂದನ್ನು ಹಾರಿಸುತ್ತಾರೆ. ಹುಲ್ಲಿನ ಎಸಳು ಅಲುಗಿದರೆ ದಾರಿ ಬಿಚ್ಚಿದೆಯೆಂದರ್ಥ.

ತೋಟಾ ಕೋವಿ ಬಂದರೂ ಈ ಕಥೆ ಬದಲಾಗಲಿಲ್ಲ. ಕೇಪು ಹೊರಗಿನಿಂದ ತೋಟೆಯ ಬುಡದೊಳಗಿನ ಕುಳಿಗೆ ಸೇರಿತು, ಅಷ್ಟೆ. ಅಮೆರಿಕದಂಥ ದೇಶಗಳಲ್ಲಿ ಹವ್ಯಾಸಿಗಳು ಹಾರಿಸಿದ ತೋಟೆಗಳನ್ನು ಮನೆಯ ಒತ್ತುಯಂತ್ರದಲ್ಲಿಯೇ ಮತ್ತೆ ತುಂಬುತ್ತಾರೆ. ಅವರ ಗೋಳೂ ಇದೇ! ಕುಳಿಯಲ್ಲಿ ಹಳೆಯ ಮಸಿ ಉಳಿದಿದ್ದರೆ, ಸೈನ್ಯದ ತೋಟೆಯಲ್ಲಿ ಕುಳಿಯ ಅಂಚನ್ನು ಬಿಗಿದಿದ್ದರೆ, ಯಂತ್ರದ ಹಿಡಿಯನ್ನು ಕೊನೆಯವರೆಗೆ ಒತ್ತದಿದ್ದರೆ, ಕೇಪು ಕೂದಲೆಳೆಯಷ್ಟು ಎತ್ತರದಲ್ಲಿ ನಿಲ್ಲುತ್ತದೆ. ಸೂಜಿಯ ಮೊದಲ ಏಟು ಅದನ್ನು ಕೂರಿಸುತ್ತದೆ, ಎರಡನೆಯದು ಹಾರಿಸುತ್ತದೆ. ಕೂತ ಕೇಪು ಬುಡಕ್ಕೆ ಸಮವಾಗಿಯೋ ಒಂದಿಷ್ಟು ಕೆಳಗೋ ಇದೆಯೆಂಬುದನ್ನು ಬೆರಳು ಸವರಿ ನೋಡುವುದು ಅವರ ರೂಢಿ. ಬಿಗಿದದ್ದನ್ನು ಬಲದಿಂದ ಒತ್ತಿದರೆ ಯಂತ್ರದಲ್ಲಿಯೇ ಸಿಡಿದೀತು. ನಮ್ಮಲ್ಲಿ ಪರವಾನಗಿಯಿಲ್ಲದೆ ತೋಟೆ ತಯಾರಿಸುವುದು ಅಪರಾಧ. ರೈತನಿಗೆ ಅಂಗಡಿಯ ತೋಟೆಯೇ ಗತಿ. ಅದರಿಂದ ಅವನಿಗೆ ನಷ್ಟವೇನೂ ಇಲ್ಲ.

ಇಷ್ಟೆಲ್ಲ ತಿಳಿದಿದ್ದರೂ ಹಿಂಡು ಎದುರಿಗಿರುವಾಗ ಕೈ ಸುಮ್ಮನಿರದು. ‘ಟಕ್’ ಎಂದೊಡನೆ ಕೋವಿಯನ್ನು ತಿರುಗಿಸಿ, ಲಾಟೀನು ಹಿಡಿದು, ಚಾಕುವಿನ ಮೊನೆಯಿಂದ ಕೇಪನ್ನು ಕೆದಕುವುದು ಅತ್ಯಂತ ಅಪಾಯಕರ. ತೂತಿನೊಳಗೆ ಇಳಿದ ಕಿಡಿ ಮೆಲ್ಲನೆ ಹೊಗೆಯಾಡುತ್ತಿದ್ದು ತಡವಾಗಿ ಮದ್ದನ್ನು ಹೊತ್ತಿಸಬಹುದು. ನಳಿಗೆಯನ್ನು ಜನರಿಲ್ಲದ ಕಡೆಗೇ ಹಿಡಿದು ಒಂದೆರಡು ನಿಮಿಷ ಕಾಯಬೇಕು. ಆ ಬಳಿಕವೇ ಮತ್ತೊಂದು ಏಟು. ಹಂದಿ ಅಷ್ಟರಲ್ಲಿ ಎರಡು ಸಾಲು ಜೋಳ ಮುಗಿಸಿದರೆ ಮುಗಿಸಲಿ. ಹೋದ ಕಣ್ಣು ಮುಂದಿನ ಪೈರಿಗೆ ಬಾರದು. ಇನ್ನು, ಹಾರದ ಈಡಿನ ಮೇಲೆ ಮರೆತು ಮತ್ತೊಂದು ಈಡು ತುಂಬಿದರೆ ನಳಿಗೆಯೇ ಒಡೆದೀತು.

ಬೆಳಗಾದ ಮೇಲೆ ಕೋವಿ ಮನೆಗೆ ಬರುತ್ತದೆ. ರಜೆಗೆಂದು ಬೆಂಗಳೂರಿನಿಂದ ಬಂದ ಮೊಮ್ಮಕ್ಕಳು ಅಲ್ಲಿರುತ್ತಾರೆ. ಕೇಪು ತೆಗೆದಿದೆ, ಇನ್ನೇನು ಭಯ, ಎಂದು ಕೋವಿಯನ್ನು ಗೋಡೆಗೊರಗಿಸುವವರುಂಟು. ಆದರೆ ಕೇಪಿಲ್ಲದ ಕೋವಿಯ ಹೊಟ್ಟೆಯಲ್ಲಿ ಮದ್ದಿದೆಯೇ ಎಂಬುದು ಹೊರಗಿನಿಂದ ಕಾಣುವುದಿಲ್ಲ. ಜಾಣರು ಗಜದ ಮೇಲೆ ಎರಡು ಗೀರು ಹಾಕಿರುತ್ತಾರೆ: ಕೋವಿ ಖಾಲಿಯಿದ್ದಾಗ ಗಜ ಎಲ್ಲಿಯವರೆಗೆ ಇಳಿಯುತ್ತದೆ ಎಂದು ಒಂದು, ತುಂಬಿದಾಗ ಎಲ್ಲಿಗೆ ನಿಲ್ಲುತ್ತದೆ ಎಂದು ಇನ್ನೊಂದು. ಕೋವಿ ಅಂಗಳ ದಾಟುವ ಮುನ್ನ, ಮುಖವನ್ನು ನಳಿಗೆಯ ಬಾಯಿಗೆ ಒಡ್ಡದೆ, ಗಜವನ್ನು ಒಳಗಿಳಿಸಿ ನೋಡುತ್ತಾರೆ. ಅದು ಖಾಲಿಯ ಗೀರನ್ನು ಮುಟ್ಟಿದ ಮೇಲೆಯೇ ಮಕ್ಕಳಿಗೆ ಜಗಲಿಯ ಮೇಲೆ ಬರಲು ಅಪ್ಪಣೆ.