ಗುಡ್ಡ ಹತ್ತಿಸುವ ಪುಸ್ತಕಗಳು

ಮಂಗಳೂರಲ್ಲಿ ಪುಸ್ತಕ ಹುಡುಕಲು ಹೊರಟರೆ ಗುಡ್ಡ ಹತ್ತದೆ ನಿರ್ವಾಹವಿಲ್ಲ. ಹಂಪನಕಟ್ಟೆಯಲ್ಲಿ ಬಸ್ಸಿಳಿದು, ಬಾವುಟಗುಡ್ಡೆ ಏರಿ, ಜ್ಯೋತಿ ದಾಟಿ ಬಲ್ಮಠ ಸೇರುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿರುತ್ತದೆ. ಡಿಸೆಂಬರಿನಲ್ಲೂ ಅಷ್ಟೇ. ಇಲ್ಲಿ ಚಳಿಗಾಲ ಅನ್ನೋದು ಕ್ಯಾಲೆಂಡರಿನಲ್ಲಿ ಮಾತ್ರ!

ನಾನು ಹುಡುಕುತ್ತಿದ್ದದ್ದು ವ್ಯಾಯಾಮದ ಪುಸ್ತಕ. ಮೂವತ್ತು ತುಂಬುವ ಹೊತ್ತಿಗೇ ರಕ್ತಪರೀಕ್ಷೆಯ ಚೀಟಿ ನೋಡಿದ ಡಾಕ್ಟರು "ಶುಗರ್ ಬಾರ್ಡರ್‌ನಲ್ಲಿದೆ, ದಿನಾ ಬೆವರು ಹರಿಸಿ" ಅಂದಿದ್ದರು. ಅಪ್ಪನಿಗೆ ಶುಗರ್ ಬಂದು ಹದಿನೈದು ವರ್ಷವಾಯಿತು. ಅವರ ಕಾಲಿನ ಒಂದು ಸಣ್ಣ ಗಾಯ ಒಣಗಲು ತಿಂಗಳುಗಟ್ಟಲೆ ಹಿಡಿದದ್ದನ್ನು ಕಂಡವನು ನಾನು, ಹಾಗಾಗಿ ಮಾತು ನೇರ ತಲೆಗೆ ಹೋಯಿತು. ನಮ್ಮ ಸಾಫ್ಟ್‌ವೇರ್‌ನವರ ಅಭ್ಯಾಸ ಗೊತ್ತಲ್ಲ, ಏನೇ ಬಂದರೂ ಮೊದಲು ಮ್ಯಾನ್ಯುಯಲ್ ಬೇಕು. ಅಪ್ಪ ನಕ್ಕರು: "ಎಂತ ಮಾರಾಯ, ನಡೀಲಿಕ್ಕೂ ಪುಸ್ತಕ ಬೇಕಾ?"

ಸಿಕ್ಕಿದ್ದು ರಾಶಿ. ಮೆಕ್ಸಿಕೋದ ತರಾಹುಮಾರ ಓಟಗಾರರ ಬಗ್ಗೆ ಕ್ರಿಸ್ಟೋಫರ್ ಮ್ಯಾಕ್‌ಡೂಗಲ್ ಬರೆದ 'ಬಾರ್ನ್ ಟು ರನ್', 1996ರ ಎವರೆಸ್ಟ್ ದುರಂತದ ಬಗ್ಗೆ ಜಾನ್ ಕ್ರಾಕೌರ್ ಬರೆದ 'ಇನ್‌ಟು ಥಿನ್ ಏರ್'. ಎರಡೂ ನಿದ್ದೆ ಕೆಡಿಸುವ ಪುಸ್ತಕಗಳೇ. 1966ರಲ್ಲಿ ಬಂದ 'ಲೈಟ್ ಆನ್ ಯೋಗ' ಬರೆದ ಬಿ.ಕೆ.ಎಸ್. ಅಯ್ಯಂಗಾರ್ ಅಂತೂ ನಮ್ಮವರೇ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದವರು. ಬಾಲ್ಯವೆಲ್ಲ ಮಲೇರಿಯಾ, ಟೈಫಾಯಿಡ್, ಕ್ಷಯ ಅಂತ ನರಳಿ, ಮೈಸೂರಿನಲ್ಲಿ ಯೋಗ ಕಲಿತು ಗಟ್ಟಿಯಾದರು. ಕನ್ನಡದಲ್ಲಿ ಕಾಡಿನ ರುಚಿ ಹತ್ತಿಸಲು ತೇಜಸ್ವಿಯವರು ತಂದ ಕೆನೆತ್ ಆಂಡರ್ಸನ್ ಕಥೆಗಳಿವೆ. ಆದರೆ ಜೂನ್‌ನಲ್ಲಿ ಬೆಳಗ್ಗೆ ಐದಕ್ಕೇ ಮಳೆ ಜಡಿಯುವಾಗ ಎಲ್ಲಿ ಓಡುವುದು? ಈ ಸೆಕೆಯಲ್ಲಿ ಎಷ್ಟು ನೀರು ಕುಡಿಯುವುದು? ಉಂಬಳ ಹತ್ತಿದರೆ ಎಂತ ಮಾಡುವುದು? ಅದನ್ನು ಮೆಕ್ಸಿಕೋದವರು ಹೇಳಲಾರರು.

ಹೇಳುವವರು ಬಲ್ಮಠದಲ್ಲೇ ಇದ್ದರು. ಅಲ್ಲಿನ ಶರಾವತಿ ಕಟ್ಟಡದಲ್ಲಿ 1975ರಿಂದ 2012ರವರೆಗೆ ಅತ್ರಿ ಬುಕ್ ಸೆಂಟರ್ ಇತ್ತು. ನಡೆಸುತ್ತಿದ್ದವರು ಜಿ.ಎನ್. ಅಶೋಕವರ್ಧನ, ವಿಜ್ಞಾನ ಲೇಖಕ ಜಿ.ಟಿ. ನಾರಾಯಣ ರಾಯರ ಮಗ. ಪುಸ್ತಕ ಮಾರುವುದರ ಜೊತೆಗೆ 'ಆರೋಹಣ' ಅಂತ ತಂಡ ಕಟ್ಟಿ ಗೆಳೆಯರೊಡನೆ ಘಟ್ಟ ಹತ್ತಿದವರು. ಮೋಟಾರ್ ಸೈಕಲಿನಲ್ಲಿ ಭಾರತ ಸುತ್ತಿದ್ದನ್ನು 'ಚಕ್ರವರ್ತಿಗಳು' ಅಂತ ಬರೆದರು, ಅಂಗಡಿಯ ಅನುಭವವನ್ನು 'ಪುಸ್ತಕ ಮಾರಾಟ ಹೋರಾಟ' ಅಂತ. ಅಂಗಡಿ ಮುಚ್ಚಿದ ಮೇಲೂ ಸುಮ್ಮನೆ ಕೂರಲಿಲ್ಲ. ಸೈಕಲ್ ಹಿಡಿದು ಮಂಗಳೂರಿನ ಒಳದಾರಿಗಳಲ್ಲಿ ಸರ್ಕೀಟು ಹೊರಟು, ಅದನ್ನೂ ಬರೆದರು.

ಅಂಗಡಿ ಮುಚ್ಚಿದಾಗ ನಾನು ಪಿಯುಸಿ. ಸಿಇಟಿ ಬಿಟ್ಟು ಬೇರೇನೂ ಕಣ್ಣಿಗೆ ಬೀಳದ ವಯಸ್ಸು. ಅವರ ಬರಹಗಳನ್ನು ಈಗ ಫೋನಿನಲ್ಲಿ ಓದುತ್ತಿದ್ದೇನೆ. ಅವರ ಜಾಲತಾಣದಲ್ಲಿ ಉಚಿತವಾಗಿಯೇ ಸಿಗುತ್ತವೆ. ಓದುವಾಗ ಶಿಖರಕ್ಕಿಂತ ದಾರಿಯೇ ಹೆಚ್ಚು ನೆನಪಲ್ಲಿ ಉಳಿಯುತ್ತದೆ. ನಾನು ಬಸ್ಸಿನ ಕಿಟಕಿಯಿಂದ ನೂರು ಸಲ ನೋಡಿದ ಗುಡ್ಡಕ್ಕೂ ಒಂದು ಹತ್ತುವ ದಾರಿ ಇದೆ ಅನ್ನುವುದೇ ನನಗೆ ಹೊಸದು. ಇಂಥ ಪುಸ್ತಕ ಅಂಗಡಿಯ ಮುಂದಿನ ಸಾಲಿನಲ್ಲಿ ಕಾಣುವುದಿಲ್ಲ. ಅಲ್ಲೆಲ್ಲ ಸಿಕ್ಸ್ ಪ್ಯಾಕ್‌ನವರದ್ದೇ ಫೋಟೋ.

ಓದಿದ ಗುಂಗಲ್ಲಿ ಕಳೆದ ಜನವರಿಯಲ್ಲಿ ಗಡಾಯಿಕಲ್ಲಿಗೆ ಹೋದೆವು. ಬೆಳ್ತಂಗಡಿವರೆಗೆ ಬಸ್ಸು, ಅಲ್ಲಿಂದ ಆಟೋ. ಸುಮಾರು 1,700 ಅಡಿ ಎತ್ತರದ ಒಂದೇ ಬಂಡೆ. 1794ರಲ್ಲಿ ಟಿಪ್ಪು ಅದರ ಮೇಲೆ ಕೋಟೆ ಕಟ್ಟಿಸಿ, ಜಮಾಲಾಬಾದ್ ಎಂದು ಕರೆದ. ಮೆಟ್ಟಿಲು 1,800ಕ್ಕೂ ಹೆಚ್ಚು, ಕೆಲವು ಬಂಡೆಯಲ್ಲೇ ಕಡೆದವು, ಒಂದರಂತೆ ಒಂದಿಲ್ಲ. ಅಪ್ಪ ಕಾಲಿನ ಹೆದರಿಕೆಗೆ ಕೆಳಗೇ ಕೂತರು. ನಾನು ನಾಲ್ಕು ಕಡೆ ಕೂತು, ಎರಡು ಸಲ "ಸಾಕು" ಅಂದುಕೊಂಡು, ಕೊನೆಗೆ ಮೇಲೆ ಮುಟ್ಟಿದೆ. ಕುದುರೆಮುಖದ ಸಾಲು ಮಂಜಿನಲ್ಲಿ ನೀಲಿಯಾಗಿ ಕಂಡಿತು. ಇಳಿದು ಬಂದಾಗ ಮೊಣಕಾಲು ಗಡಗಡ. ಅಪ್ಪ ಮೆಟ್ಟಿಲ ಲೆಕ್ಕ ಕೇಳಲಿಲ್ಲ, "ಉಪ್ಪು ಹಾಕಿದ ಮಜ್ಜಿಗೆ ಉಂಟು, ಕುಡಿ" ಅಂದರು. ಮಾರ್ಚ್‌ನ ರಕ್ತಪರೀಕ್ಷೆಯಲ್ಲಿ ಅಂಕಿ ಸ್ವಲ್ಪ ಇಳಿದಿದೆ.

ನೀವು ಹೋಗುವುದಾದರೆ ಬೆಳಗ್ಗೆ ಬೇಗ ಹತ್ತಿ. ಮಳೆಗಾಲದಲ್ಲಿ ಕಲ್ಲು ಜಾರುತ್ತದೆ, ಆಗ ಬೇಡ. ಎರಡು ಲೀಟರು ನೀರು ಒಯ್ಯಿರಿ, ಮೇಲೆ ಅಂಗಡಿ ಇಲ್ಲ.