ಕ್ಲೋಸ್‌ಪೇಟೆ ಕಲ್ಲಿನ ಹಿಂದಿನ ಕತೆ

ನಾವು ಸಿವಿಲ್‌ನೋರು ಜಿಯಾಲಜಿ ಪೇಪರ್‌ನಲ್ಲಿ 'ಕ್ಲೋಸ್‌ಪೇಟ್ ಗ್ರಾನೈಟ್, ಸುಮಾರು 250 ಕೋಟಿ ವರ್ಷ ಹಳೆಯದು' ಅಂತ ಬರೆದು ಮಾರ್ಕ್ಸ್ ತಗೊಂಡು ಸುಮ್ಮನಾಗ್ತೀವಿ. ಈ ಕ್ಲೋಸ್ ಯಾರು ಅಂತ ಕೇಳೋರು ಕಮ್ಮಿ. ಟಿಪ್ಪು ಸತ್ತ ಮೇಲೆ ಮೈಸೂರಿಗೆ ಬಂದ ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್. ಟಿಪ್ಪು ಕಾಲದಲ್ಲಿ ಶಂಸೇರಾಬಾದ್ ಆಗಿದ್ದ ಊರಿಗೆ ಅವನ ಹೆಸರು ಬಿತ್ತು. ಊರು ಆಮೇಲೆ ರಾಮನಗರ ಆಯ್ತು, ಕಲ್ಲು ಮಾತ್ರ ಕ್ಲೋಸ್‌ನ ಹೆಸರಲ್ಲೇ ಉಳೀತು.

ಆ ಹೆಸರು ಇಲ್ಲಿಗೆ ಬಂದಿದ್ದು ಯುದ್ಧದ ಬೆನ್ನ ಹಿಂದೆ. 1791ರ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸ್ ಬೆಂಗಳೂರು ಕೋಟೆ ಹಿಡಿದ. ಮೇ ತಿಂಗಳಲ್ಲಿ ಕನಕಪುರದ ದಾರಿ ಹಿಡಿದು ಶ್ರೀರಂಗಪಟ್ಟಣಕ್ಕೆ ಹೊರಟ. ಬ್ರಿಟಿಷರಿಗೆ ಒಂದು ಕಾಳೂ ಸಿಗಬಾರದು ಅಂತ ಟಿಪ್ಪು ಕನಕಪುರವನ್ನೇ ಹಾಳುಗೆಡವಿದ್ದ. ಮೇವಿಲ್ಲದೆ ಎತ್ತುಗಳು ಸತ್ತವು, ಮಳೆ ಹಿಡಿಯಿತು. ಕೊನೆಗೆ ಕನ್ನಂಬಾಡಿ ಹತ್ತಿರ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಹಾಳುಮಾಡಿ ಕಾರ್ನ್‌ವಾಲಿಸ್ ವಾಪಸಾದ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಅವನನ್ನು ಸೋಲಿಸಿದ್ದು ಸಪ್ಲೈ ಲೈನ್.

ಅದಕ್ಕೇ ಎರಡನೇ ಸಲ ಹೊರಡೋ ಮುಂಚೆ ದಾರಿಯ ಬೆಟ್ಟಗಳನ್ನೆಲ್ಲ ವಶಕ್ಕೆ ತಗೊಂಡ. ಸಾವನದುರ್ಗ, ರಾಮಗಿರಿ, ಹುತ್ರಿದುರ್ಗ ಇವು ಟಿಪ್ಪು ಕೈಲಿದ್ದಷ್ಟು ದಿನ ಬೆಂಗಳೂರಿನಿಂದ ಹೊರಟ ಅಕ್ಕಿ ಮೂಟೆ ಮುಟ್ಟೋ ಜಾಗ ಮುಟ್ಟುತ್ತೆ ಅನ್ನೋ ಧೈರ್ಯ ಇರಲಿಲ್ಲ. ಮಾಗಡಿ ಕೆಂಪೇಗೌಡರ ವಂಶದವರು ಆಳಿದ್ದ ಸಾವನದುರ್ಗಕ್ಕೆ ಎರಡು ಶಿಖರ, ಕರಿಗುಡ್ಡ ಮತ್ತು ಬಿಳಿಗುಡ್ಡ. ಸುತ್ತ ದಟ್ಟ ಕಾಡು. ಹತ್ತೋಕಾಗಲ್ಲ ಅಂತಲೇ ಅದಕ್ಕೆ ಹೆಸರು. ಡಿಸೆಂಬರ್‌ನಲ್ಲಿ ಕರ್ನಲ್ ಸ್ಟುವರ್ಟ್‌ನ ಪಡೆ ಕಾಡು ಕಡಿದು, ದಾರಿ ಮಾಡಿ, ಫಿರಂಗಿ ಎಳೆದು ತಂದು ಗೋಡೆ ಒಡೆಯಿತು. 21ನೇ ತಾರೀಖು ಕೋಟೆ ಬಿತ್ತು. ಮುಂದಿನ ಫೆಬ್ರವರಿಗೆ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಮುಂದಿದ್ದ. ಮಾರ್ಚ್‌ನಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ.

ಆ ಬೆಟ್ಟದ ಚಿತ್ರ ಬರೆಯೋಕೆ ಸೈನ್ಯದ ಜೊತೆ ರಾಬರ್ಟ್ ಹೋಮ್ ಅನ್ನೋ ಕಲಾವಿದನೂ ಬಂದಿದ್ದ. ಹಾಗಾಗಿ ಗೆದ್ದವರ ಕಣ್ಣಿಗೆ ಸಾವನದುರ್ಗ ಹೇಗೆ ಕಂಡಿತ್ತು ಅಂತ ನಮಗೆ ಗೊತ್ತು. ಎರಡು ಸೈನ್ಯಗಳ ನಡುವೆ ಊರು ಕಳ್ಕೊಂಡ ಕನಕಪುರದ ರೈತ, ಫಿರಂಗಿ ಎಳೆದ ಕೂಲಿ, ಎತ್ತು ಹೊಡೆದ ಹುಡುಗ, ಇವರ ಹೆಸರು ಯಾವ ಕಲ್ಲಿಗೂ ಇಲ್ಲ.

2025ರಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಅಂತಾಯ್ತು. ಪರ, ವಿರೋಧ ಎರಡೂ ನಮ್ಮ ಹಾಸ್ಟೆಲ್‌ಗಳಲ್ಲೇ ಇದೆ. ಹೆಸರಿಗೆ ಇಷ್ಟು ಜಗಳ ಆಡೋ ನಾವು ಕೋಟೆ ಗೋಡೆಯನ್ನೂ ಸ್ವಲ್ಪ ನೋಡ್ಕೋಬೇಕು. ಅದರ ಮೇಲೆ ಈಗ ಎಣಿಸಲಾಗದಷ್ಟು ಪೇಂಟ್ ಹೆಸರುಗಳಿವೆ. ವೀಕೆಂಡ್ ಟ್ರೆಕ್‌ಗೆ ಹೋಗೋ ಜೂನಿಯರ್‌ಗಳೇ, ಮೇಲೆ ಹೋಗಿ ಸೆಲ್ಫಿ ತಗೊಳ್ಳಿ, ಬೇಡ ಅನ್ನಲ್ಲ. ಇಳಿದ ಮೇಲೆ ಕೆಳಗಿನ ಹಳ್ಳಿಯಲ್ಲಿ ಕೂತು, ಅಲ್ಲಿನ ಅಜ್ಜ ಅಜ್ಜಿಯರು ಈ ಬೆಟ್ಟದ ಬಗ್ಗೆ ಏನು ಹೇಳ್ತಾರೆ ಅಂತ ಕೇಳಿ ಬರ್ಕೊಂಡು ಬನ್ನಿ. ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಜಾಗ ಇಟ್ಟಿದ್ದೀವಿ.