ಮ್ಯಾಂಚೆಸ್ಟರ್‌ಗೂ ಹೀಥ್ರೂಗೂ ಎಷ್ಟು ದೂರ?

ಊರಿನಲ್ಲಿರುವ ನಮ್ಮ ಬಂಧುಗಳಿಗೆ ಇಂಗ್ಲೆಂಡ್ ಎಂದರೆ ಲಂಡನ್. "ಲಂಡನ್‌ನಲ್ಲಿ ಇಳಿದ ಮೇಲೆ ನಿಮ್ಮ ಮನೆಗೆ ಆಟೋ ಸಿಗುತ್ತದೆಯೇನಮ್ಮ?" ಎಂದು ನಮ್ಮ ಚಿಕ್ಕಪ್ಪನವರು ಕೇಳಿದ್ದುಂಟು. ಮ್ಯಾಕಲ್ಸ್‌ಫೀಲ್ಡ್‌ನಲ್ಲಿರುವ ನಮಗೆ ಹತ್ತಿರದ ವಿಮಾನ ನಿಲ್ದಾಣ ಮ್ಯಾಂಚೆಸ್ಟರ್. ಕಾರಿನಲ್ಲಿ ಅರ್ಧ ಗಂಟೆ. ನಮ್ಮೂರಿನ ಪುಟ್ಟ ನದಿ ಬೊಲಿನ್, ಆ ನಿಲ್ದಾಣದ ಎರಡನೆಯ ರನ್‌ವೇ ಅಡಿಯಲ್ಲೇ ಹರಿದು ಮುಂದೆ ಹೋಗುತ್ತದೆ. ಆದರೆ 2005ರಲ್ಲಿ ಬ್ರಿಟಿಷ್ ಏರ್‌ವೇಸ್ ಬೆಂಗಳೂರಿನಿಂದ ನೇರ ವಿಮಾನ ಆರಂಭಿಸಿದಾಗ ಅದು ಬಂದಿಳಿದದ್ದು ಹೀಥ್ರೂದಲ್ಲಿ!

ಈ ಎರಡು ನಿಲ್ದಾಣಗಳ ನಡುವೆ ನೇರ ಗೆರೆ ಎಳೆದರೆ ಸುಮಾರು 150 ಮೈಲಿ. ರಸ್ತೆಯಲ್ಲಿ ಸುಮಾರು 185 ಮೈಲಿ, ಅಂದರೆ ಹತ್ತಿರ ಹತ್ತಿರ 300 ಕಿಲೋಮೀಟರ್. ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಹೋದಷ್ಟು. ವಿಮಾನದಲ್ಲಾದರೆ ಒಂದೇ ಗಂಟೆ ಎನ್ನುತ್ತಾರೆ. ಆದರೆ ಅದಕ್ಕೆ ಮೊದಲು ಹೀಥ್ರೂದಲ್ಲಿ ಇಮಿಗ್ರೇಶನ್ ಸಾಲು, ಮತ್ತೊಮ್ಮೆ ಸೆಕ್ಯುರಿಟಿ, ಮುಂದಿನ ವಿಮಾನಕ್ಕೆ ಕಾಯುವುದು ಎಲ್ಲ ಸೇರಿ ಮೂರು ಗಂಟೆ ಹಿಡಿಯಬಹುದು. ಲಂಡನ್ನಿನ ಯೂಸ್ಟನ್‌ನಿಂದ ಮ್ಯಾಕಲ್ಸ್‌ಫೀಲ್ಡ್‌ಗೆ ರೈಲು ಎರಡು ಗಂಟೆಯೊಳಗೆ ತಲುಪಿಸುತ್ತದೆ, ನಿಜ. ಹೀಥ್ರೂನಿಂದ ಯೂಸ್ಟನ್‌ವರೆಗೆ ಎರಡೆರಡು ಸೂಟ್‌ಕೇಸ್ ಎಳೆದುಕೊಂಡು ಹೋಗುವುದೇ ಒಂದು ಸಾಹಸ. ಕಾರಿನಲ್ಲಿ ಎಂ25, ಎಂ40, ಎಂ6 ಹಿಡಿದು ಬಂದರೆ ಮೂರೂವರೆ ಗಂಟೆ. ಶುಕ್ರವಾರ ಸಂಜೆ ಬರ್ಮಿಂಗ್‌ಹ್ಯಾಮ್ ಹತ್ತಿರ ಸಿಕ್ಕಿಕೊಂಡರೆ ದೇವರೇ ಗತಿ.

2014ರಲ್ಲಿ ಅಪ್ಪನಿಗೆ ಕಾಯಿಲೆ ಉಲ್ಬಣಿಸಿದೆಯೆಂದು ಅಣ್ಣ ಫೋನ್ ಮಾಡಿದ. ಮ್ಯಾಂಚೆಸ್ಟರ್‌ನಿಂದ ದುಬೈ ಮೂಲಕ ಹೋಗುವ ವಿಮಾನದಲ್ಲಿ ಸೀಟು ಸಿಕ್ಕಿತು. ಮಕ್ಕಳಿಗೆ ಅನ್ನ ಸಾರು ಮಾಡಿಟ್ಟು ಹೊರಟರೂ ಸಮಯಕ್ಕೆ ಸರಿಯಾಗಿ ತಲುಪಿದೆ. ಅಪ್ಪ ಇನ್ನೆರಡು ದಿನ ನನ್ನೊಡನೆ ಮಾತನಾಡಿದರು. ಮನೆಗೆ ಹತ್ತಿರದ ನಿಲ್ದಾಣದ ಬೆಲೆ ಏನೆಂದು ಅಂದು ತಿಳಿಯಿತು.

ಮರುವರ್ಷ ಅಮ್ಮ ಒಬ್ಬರೇ ನಮ್ಮಲ್ಲಿಗೆ ಹೊರಟರು. ಮಂಡಿನೋವು, ಇಂಗ್ಲಿಷ್ ಬಾರದು. ನಮ್ಮವರು ಕಾಗದ ಪೆನ್ನು ಹಿಡಿದು ಕುಳಿತರು. ದುಬೈ ಮೂಲಕ ಮ್ಯಾಂಚೆಸ್ಟರ್, ಇಲ್ಲವೇ ನೇರವಾಗಿ ಹೀಥ್ರೂಗೆ ಬಂದು ಅಲ್ಲಿಂದ ಕಾರು. ಎರಡರ ಮೊತ್ತವೂ ಹೆಚ್ಚುಕಡಿಮೆ ಹದಿನಾರು ಗಂಟೆ! "ಹಾಗಾದರೆ ಮ್ಯಾಂಚೆಸ್ಟರ್‌ಗೇ ಬರಲಿ, ನಮಗೂ ಸುಲಭ" ಎಂದರು. ನಾನು ಒಪ್ಪಲಿಲ್ಲ. ದುಬೈಯಲ್ಲಿ ಕಾಯುವ ಮೂರು ಗಂಟೆ ಅಮ್ಮ ಒಂಟಿ. ಕಾರಿನ ನಾಲ್ಕು ಗಂಟೆಯಲ್ಲಿ ಪಕ್ಕದಲ್ಲಿ ಮಗಳಿರುತ್ತಾಳೆ, ಡಬ್ಬಿಯಲ್ಲಿ ಪುಳಿಯೋಗರೆ ಇರುತ್ತದೆ, ಬೇಕೆಂದಲ್ಲಿ ನಿಲ್ಲಿಸಬಹುದು. ಹೀಥ್ರೂಗೇ ಹೋದೆವು. ದಾರಿಯುದ್ದಕ್ಕೂ ಅಮ್ಮ ಅಪ್ಪನ ಕೊನೆಯ ದಿನಗಳನ್ನು ಹೇಳಿಕೊಂಡು ಅತ್ತರು, ಆಮೇಲೆ ಕುರಿಗಳನ್ನು ಎಣಿಸಿದರು. ನಮ್ಮದು ರೇಷ್ಮೆ ನೇಯ್ದು ಹೆಸರಾದ ಊರೆಂದು ಹೇಳಿದಾಗ, "ನಮ್ಮ ರಾಮನಗರದ ಹಾಗೆ ಅನ್ನು" ಎಂದು ಸಮಾಧಾನಪಟ್ಟರು.

2025ರ ಜುಲೈನಲ್ಲಿ ಇಂಡಿಗೊ ಮುಂಬೈನಿಂದ ಮ್ಯಾಂಚೆಸ್ಟರ್‌ಗೆ ನೇರ ವಿಮಾನ ಆರಂಭಿಸಿದಾಗ ನಮ್ಮ ಮನೆಯಲ್ಲಿ ಮತ್ತೆ ಕಾಗದ ಪೆನ್ನು ಹೊರಬಂತು. ಹೀಥ್ರೂ ತಪ್ಪಿತು, ಆದರೆ ಬೆಂಗಳೂರಿಗೂ ಮುಂಬೈಗೂ ಎಷ್ಟು ದೂರ ಎಂಬ ಹೊಸ ಲೆಕ್ಕ ಶುರುವಾಯಿತು! ಆತುರದಲ್ಲಿ ನಾವೇ ಹೊರಟರೆ ಹತ್ತಿರದ ನಿಲ್ದಾಣವೇ ಸರಿ. ಊರಿನಿಂದ ಹಿರಿಯರನ್ನು ಹಬ್ಬಕ್ಕೆ ಕರೆಸಿಕೊಳ್ಳುವವರು ಮಾತ್ರ ಟಿಕೆಟ್ ಕೊಳ್ಳುವ ಮುನ್ನ ಮೈಲಿಗಳನ್ನು ಎಣಿಸಬೇಡಿ. ಎಷ್ಟು ಗಂಟೆ ಅವರ ಪಕ್ಕದಲ್ಲಿ ನಮ್ಮವರು ಯಾರೂ ಇರುವುದಿಲ್ಲ ಎಂಬುದನ್ನು ಎಣಿಸಿ ನೋಡಿ.